ಗೀಳು ಇಳಿಯಿತೇ? ಕೋಲಾರ ಸೀಮೆಯಲ್ಲೊಂದು ಸುತ್ತು

ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲದ ಜಿಲ್ಲೆ ನಮ್ಮದು. ಅದಕ್ಕೇ ನಮ್ಮ ಹಿರಿಯರು ಊರೂರಿಗೆ ಕೆರೆ ಕಟ್ಟಿದರು. ಕೆರೆ ಬತ್ತಿದಾಗ ಬಾವಿ ತೋಡಿದೆವು, ಬಾವಿ ಬತ್ತಿದಾಗ ಕೊಳವೆ ಬಾವಿ ಕೊರೆಸಿದೆವು. ಸಾವಿರ ಅಡಿ ಕೊರೆಸಿಯೂ ನೀರು ಬಾರದೆ ಬರೀ ಸಾಲ ಉಳಿದ ರೈತರ ಕಥೆ ಇಲ್ಲಿನ ಯಾವ ಹಳ್ಳಿಗೆ ಹೋದರೂ ಕೇಳಸಿಗುತ್ತದೆ. ಬಂದ ನೀರಿನಲ್ಲೂ ಎಷ್ಟೋ ಕಡೆ ಫ್ಲೋರೈಡ್. 2018ರ ಜೂನ್‌ನಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ನಮ್ಮ ಕೆರೆಗಳಿಗೆ ಬರುತ್ತಿದೆ. ಅದರಿಂದ ಅಂತರ್ಜಲ ಮೇಲೇರಿದೆ ಎನ್ನುವವರೂ ಇದ್ದಾರೆ, ಆ ನೀರಿನ ಗುಣದ ಬಗ್ಗೆ ತಕರಾರು ಎತ್ತುವವರೂ ಇದ್ದಾರೆ. ಅದು ಬೇರೆಯೇ ಲೇಖನದ ವಿಷಯ. ಇಂಥ ಜಿಲ್ಲೆಯಲ್ಲಿ, ಟ್ಯಾಂಕರ್ ನೀರಿಗೆ ದುಡ್ಡು ಕೊಡುವ ಮನೆಯೊಂದರಲ್ಲಿ, ಹನ್ನೆರಡು ವರ್ಷದ ಹುಡುಗ ದಿನಕ್ಕೆ ಹದಿನಾಲ್ಕು ಬಿಂದಿಗೆ ನೀರನ್ನು ಬರೀ ಕೈ ತೊಳೆಯುವುದಕ್ಕೇ ಸುರಿದರೆ ಆ ಮನೆಯವರ ಗತಿ ಏನು?

ಆ ಹುಡುಗನಿಗಿರುವ ಕಾಯಿಲೆಯ ಹೆಸರು ಗೀಳು ಮನೋರೋಗ. ಡಾಕ್ಟರುಗಳು ಇದನ್ನು ಒಬ್ಸೆಸಿವ್ ಕಂಪಲ್ಸಿವ್ ಡಿಸಾರ್ಡರ್ ಎನ್ನುತ್ತಾರೆ, ಮೂರಕ್ಷರದಲ್ಲಿ ಒ.ಸಿ.ಡಿ. ಬೇಡವೆಂದರೂ ಮನಸ್ಸಿಗೆ ನುಗ್ಗುವ ಆಲೋಚನೆ ಇದರ ಒಂದು ಮುಖ. ಕೈಗೆ ಕೊಳೆ ಅಂಟಿದೆ, ಗ್ಯಾಸ್ ಆರಿಸಿಲ್ಲ, ದೇವರನ್ನು ಬೈದುಬಿಟ್ಟೆ, ಅಪ್ಪನಿಗೆ ಏನೋ ಆಗಿಬಿಡುತ್ತದೆ ಎಂಬಂಥವು. ಆ ಆಲೋಚನೆ ಎಬ್ಬಿಸಿದ ತಳಮಳವನ್ನು ತಣಿಸಲು ಮಾಡಿದ್ದನ್ನೇ ಮಾಡುವುದು ಇನ್ನೊಂದು ಮುಖ. ತೊಳೆಯುವುದು, ಮುಟ್ಟಿ ಮುಟ್ಟಿ ನೋಡುವುದು, ಎಣಿಸುವುದು, ಬರೆದದ್ದನ್ನು ಅಳಿಸಿ ಮತ್ತೆ ಬರೆಯುವುದು, ‘ಏನೂ ಆಗಲ್ಲ ತಾನೇ?’ ಎಂದು ನೂರು ಸಲ ಕೇಳುವುದು. ಮಾಡಿದ ಕೂಡಲೇ ಸ್ವಲ್ಪ ನೆಮ್ಮದಿ. ಐದು ನಿಮಿಷಕ್ಕೆ ಮತ್ತೆ ಅದೇ ಕಥೆ. ಇದು ಮಡಿಯ ಅತಿರೇಕ ಎಂದು ತಿಳಿಯುವವರಿದ್ದಾರೆ. ಅಲ್ಲ. ನಮ್ಮಜ್ಜಿಯ ಮಡಿಗೆ ಒಂದು ಆರಂಭವಿತ್ತು, ಒಂದು ಮುಕ್ತಾಯವಿತ್ತು. ಮಿಂದು, ಮಡಿಸೀರೆ ಉಟ್ಟು, ಅಡುಗೆ ಮುಗಿಸಿ ಊಟಕ್ಕೆ ಕೂತರೆ ಆಕೆ ನಿಶ್ಚಿಂತೆ. ಗೀಳಿಗೆ ಸಿಕ್ಕ ಮಗುವಿಗೆ ‘ಇನ್ನು ಸಾಕು’ ಎಂಬ ಘಟ್ಟವೇ ಬರುವುದಿಲ್ಲ.

ಇದೇನು ಅಪರೂಪದ ಕಾಯಿಲೆಯೂ ಅಲ್ಲ. ಬೇರೆ ಬೇರೆ ದೇಶಗಳ ಸಮೀಕ್ಷೆಗಳ ಪ್ರಕಾರ ನೂರು ಜನರಲ್ಲಿ ಒಬ್ಬಿಬ್ಬರಿಗಾದರೂ ಜೀವಮಾನದಲ್ಲಿ ಒಮ್ಮೆ ಇದು ಬರುತ್ತದೆ. ಬಹಳ ಮಂದಿಯಲ್ಲಿ ಶುರುವಾಗುವುದು ಶಾಲಾ ದಿನಗಳಲ್ಲೇ. ಆರುನೂರು ಮಕ್ಕಳ ಶಾಲೆಯಲ್ಲಿ ಪಾಠ ಮಾಡುವ ನನ್ನಂಥವರ ಕಣ್ಣೆದುರೇ ಅಂಥ ಕೆಲವು ಮಕ್ಕಳು ಕೂತಿರುತ್ತಾರೆ ಎಂದಾಯಿತು.

ನಾನು ವಿಜ್ಞಾನದ ಮೇಷ್ಟ್ರು, ವೈದ್ಯನಲ್ಲ. ನನ್ನ ತರಗತಿಯ ಹುಡುಗನೊಬ್ಬನ ತಂದೆತಾಯಿ ಬೆಂಗಳೂರಿನ ನಿಮ್ಹಾನ್ಸ್‌ನ ಸಾಲಿನಲ್ಲಿ ಕೂತಿದ್ದಾಗ ನಮ್ಮ ಸೀಮೆಯ ಇನ್ನೂ ಮೂರು ಕುಟುಂಬಗಳ ಪರಿಚಯವಾಯಿತಂತೆ. ಅರ್ಧ ಕನ್ನಡ ಅರ್ಧ ತೆಲುಗಿನ ಕೋಲಾರದ ಮಾತು ಕಿವಿಗೆ ಬಿದ್ದ ಮೇಲೆ ಗುರುತು ಸಿಗದೆ ಇದ್ದೀತೇ! ಒಬ್ಬರು ಶ್ರೀನಿವಾಸಪುರದ ಕಡೆಯವರು, ಒಬ್ಬರು ಮುಳಬಾಗಿಲಿನವರು, ಇನ್ನೊಬ್ಬರು ಮಾಲೂರಿನವರು. ನಾಲ್ಕು ಮನೆಯವರಿಗೂ ಇದ್ದದ್ದು ಒಂದೇ ಪ್ರಶ್ನೆ: ‘ಔಷಧಿ ಶುರು ಮಾಡಿ ಇಷ್ಟು ದಿನವಾಯಿತು. ವಾಸಿಯಾಗುತ್ತಿದೆಯೋ ಇಲ್ಲವೋ ತಿಳಿಯುವುದು ಹೇಗೆ?’ ಜ್ವರಕ್ಕೆ ಥರ್ಮಾಮೀಟರ್ ಉಂಟು, ಸಕ್ಕರೆ ಕಾಯಿಲೆಗೆ ರಕ್ತ ಪರೀಕ್ಷೆ ಉಂಟು. ಗೀಳಿಗೆ? ಅಳತೆಯ ಪ್ರಶ್ನೆ ಬಂದರೆ ವಿಜ್ಞಾನದ ಮೇಷ್ಟ್ರ ಕಿವಿ ನೆಟ್ಟಗಾಗುತ್ತದೆ. ಬೇಸಿಗೆ ರಜೆಯಲ್ಲಿ ನಾಲ್ಕೂ ಊರಿಗೆ ಹೋಗಿಬಂದೆ. ಮಕ್ಕಳ ಗುರುತು ಸಿಗಬಾರದೆಂದು ಇಲ್ಲಿ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಮೊದಲು ಕೋಲಾರ. ಬಿಂದಿಗೆಯ ಲೆಕ್ಕ ಇಟ್ಟಾಕೆ ಆ ಹುಡುಗನ ತಾಯಿ. ಹಾಲಿನ ಲೆಕ್ಕ ಬರೆಯುವ ಪುಸ್ತಕದ ಹಿಂಬದಿಯಲ್ಲೇ ಪ್ರತಿದಿನ ಗೀಟು ಹಾಕುತ್ತಾ ಬಂದಿದ್ದರು. ಚಿಕಿತ್ಸೆಗೆ ಮುಂಚೆ ದಿನಕ್ಕೆ ಹದಿನಾಲ್ಕು. ನಾಲ್ಕನೆಯ ವಾರಕ್ಕೆ ಹನ್ನೊಂದು. ಆರನೆಯ ವಾರ ಇದ್ದಕ್ಕಿದ್ದಂತೆ ನಾಲ್ಕು! ಮನೆಯಲ್ಲಿ ಹಬ್ಬದ ವಾತಾವರಣ. ಆದರೆ ಬೆಂಗಳೂರಿನ ಡಾಕ್ಟರು ಮಗನನ್ನು ಮಾತಾಡಿಸಿ ಹಾಕಿದ ಅಂಕ ಹೆಚ್ಚು ಕದಲಿರಲಿಲ್ಲ. ಏಕೆಂದು ಹುಡುಕಿದರೆ ಮಂಚದ ಕೆಳಗೆ ಸ್ಯಾನಿಟೈಸರ್‌ನ ಖಾಲಿ ಬಾಟಲಿಗಳು ಸಿಕ್ಕವು. ಕೊರೋನಾ ಕಾಲದಲ್ಲಿ ಮನೆಗೆ ಬಂದ ಅಭ್ಯಾಸ. ಜೊತೆಗೆ ಬಾಗಿಲು ತೆಗೆಯಲು, ಲೈಟು ಹಾಕಲು ಅವನ ತಂಗಿಯನ್ನು ಕರೆಯುತ್ತಿದ್ದ. ನೀರು ಉಳಿದಿತ್ತು, ಗೀಳು ಹಾಗೇ ಇತ್ತು. ಒಂದು ರೂಪ ಬಿಟ್ಟು ಇನ್ನೊಂದು ರೂಪ ತಾಳುವುದು ಈ ಕಾಯಿಲೆಯ ಜಾಯಮಾನ. ಒಂದನ್ನೇ ಅಳೆಯುತ್ತಾ ಕೂತರೆ ಮೋಸ ಹೋಗುತ್ತೇವೆ. ಫ್ಲೋರೈಡ್ ನೀರು ನೋಡಲು ತಿಳಿಯಾಗಿ, ಕುಡಿಯಲು ರುಚಿಯಾಗಿಯೇ ಇರುತ್ತದಲ್ಲವೇ?

ಹಾಗಾದರೆ ಡಾಕ್ಟರು ಅಂಕ ಹಾಕಿದ್ದು ಯಾವುದರ ಮೇಲೆ? ಅಮೆರಿಕದ ಯೇಲ್ ಮತ್ತು ಬ್ರೌನ್ ವಿಶ್ವವಿದ್ಯಾಲಯಗಳ ಹೆಸರು ಹೊತ್ತ ಒಂದು ಅಳತೆಪಟ್ಟಿ ಇದೆ. ದೊಡ್ಡವರಿಗಾಗಿ ರೂಪಿಸಿದ್ದು 1989ರಲ್ಲಿ ಪ್ರಕಟವಾಯಿತು. ಮಕ್ಕಳಿಗೆ ಹೊಂದಿಸಿದ್ದು 1997ರಲ್ಲಿ. ಪ್ರಪಂಚದಾದ್ಯಂತ ಮಕ್ಕಳ ಗೀಳನ್ನು ಅಳೆಯಲು ಹೆಚ್ಚಾಗಿ ಬಳಸುವುದು ಇದನ್ನೇ. ಒಟ್ಟು ಹತ್ತು ಅಂಶಗಳು, ಐದು ಆಲೋಚನೆಗೆ, ಐದು ಕ್ರಿಯೆಗೆ. ಪ್ರತಿಯೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ. ಗರಿಷ್ಠ 40. ನಮ್ಮ ಪರೀಕ್ಷೆಗೆ ತದ್ವಿರುದ್ಧವಾಗಿ ಇಲ್ಲಿ ಅಂಕ ಕಡಿಮೆಯಾದಷ್ಟೂ ಸಂತೋಷ! ಎಂಟರ ಕೆಳಗಿದ್ದರೆ ಕಾಯಿಲೆ ಇಲ್ಲವೆನ್ನುವಷ್ಟು. 16ರಿಂದ 23 ಮಧ್ಯಮ. 24 ದಾಟಿದರೆ ತೀವ್ರ.

ಆ ಐದು ಅಂಶಗಳೇನು ಎಂಬುದನ್ನು ಪೋಷಕರು ತಿಳಿದಿರುವುದು ಒಳ್ಳೆಯದು. ದಿನದಲ್ಲಿ ಎಷ್ಟು ಹೊತ್ತು ಇದಕ್ಕೆ ಹೋಗುತ್ತದೆ. ಒಂದು ಗಂಟೆಯೊಳಗೋ, ಮೂರು ಗಂಟೆಯೋ, ಎಂಟು ಗಂಟೆ ಮೀರಿಯೋ. ಇದರಿಂದ ಓದು, ಆಟ, ಊಟ ಎಷ್ಟು ಕೆಡುತ್ತದೆ. ಎಷ್ಟು ಸಂಕಟವಾಗುತ್ತದೆ. ತಡೆಯಲು ಮಗು ಎಷ್ಟು ಪ್ರಯತ್ನಪಡುತ್ತದೆ. ತಡೆಯುವುದರಲ್ಲಿ ಎಷ್ಟು ಗೆಲ್ಲುತ್ತದೆ. ಕೊನೆಯ ಎರಡನ್ನು ಬೇರೆ ಬೇರೆಯಾಗಿ ಇಟ್ಟಿರುವುದನ್ನು ಗಮನಿಸಿ. ಗೆಲ್ಲದಿದ್ದರೂ ಪ್ರಯತ್ನಪಟ್ಟರೆ ಅದಕ್ಕೆ ಲೆಕ್ಕವಿದೆ. ಉತ್ತರ ತಪ್ಪಾದರೂ ಲೆಕ್ಕದ ಹಂತಗಳಿಗೆ ನಾವು ಅಂಕ ಕೊಡುವುದಿಲ್ಲವೇ, ಹಾಗೆ. ‘ಇವತ್ತೂ ತೊಳೆದೆಯಾ!’ ಎಂದು ಗದರುವ ಅಪ್ಪನಿಗೆ, ಇವತ್ತು ಹುಡುಗ ತೊಳೆಯುವ ಮುಂಚೆ ಏಳು ನಿಮಿಷ ಒದ್ದಾಡಿಕೊಂಡು ಕೂತಿದ್ದ ಎಂಬುದು ಕಾಣುವುದೇ ಇಲ್ಲ. ಆ ಏಳು ನಿಮಿಷವೇ ಮೊದಲ ಪ್ರಗತಿ.

ಇನ್ನೊಂದು ಮುಂಜಾನೆ ಆ ತಾಯಿ, ಮಗ, ನಾನು ಮೂವರೂ ಅಂತರಗಂಗೆಗೆ ಹೋದೆವು. ಊರಿನ ಪಶ್ಚಿಮಕ್ಕಿರುವ ಶತಶೃಂಗ ಬೆಟ್ಟದಲ್ಲಿ ಕಲ್ಲಿನ ಬಸವನ ಬಾಯಿಂದ ನೀರು ಬೀಳುವ ಜಾಗ. ಬಂಡೆಯ ಬಿರುಕುಗಳಲ್ಲಿ ಇಂಗಿದ ಮಳೆನೀರು ಅದು ಎಂದು ನಾನು ಮಕ್ಕಳಿಗೆ ಹೇಳುತ್ತೇನೆ. ಕಾಶಿಯಿಂದ ಬರುತ್ತದೆ ಎಂದು ಅವರ ಅಜ್ಜಂದಿರು ಹೇಳುತ್ತಾರೆ. ಇಬ್ಬರ ಮಾತನ್ನೂ ಮಕ್ಕಳು ಕೇಳಿಸಿಕೊಳ್ಳುತ್ತಾರೆ. ನಾವು ಹೋದದ್ದು ಚಿಕಿತ್ಸೆಯ ಮನೆಗೆಲಸಕ್ಕೆ. ಭಯಪಡುವ ವಸ್ತುವಿಗೆ ಬೇಕೆಂದೇ ಎದುರಾಗುವುದು, ಆಮೇಲೆ ತೊಳೆಯದೆ ಇರುವುದು. ಇದೇ ಗೀಳಿನ ಮುಖ್ಯ ಮಾತಿನ ಚಿಕಿತ್ಸೆ. 1966ರಲ್ಲಿ ಲಂಡನ್ನಿನ ವಿಕ್ಟರ್ ಮೇಯರ್ ಎಂಬ ಮನಶ್ಶಾಸ್ತ್ರಜ್ಞ ಇಬ್ಬರು ರೋಗಿಗಳಲ್ಲಿ ಇದನ್ನು ಮಾಡಿ ತೋರಿಸಿ ವರದಿ ಬರೆದ. ಅಲ್ಲಿಯವರೆಗೆ ಗೀಳು ವಾಸಿಯಾಗದ ಕಾಯಿಲೆ ಎಂದೇ ಹೆಚ್ಚಿನವರ ಭಾವನೆಯಾಗಿತ್ತು.

ಹುಡುಗನ ಹತ್ತಿರ ಚಿಕಿತ್ಸಕರು ಬರೆಸಿದ್ದ ಪಟ್ಟಿ ಇತ್ತು, ಸುಲಭದಿಂದ ಕಷ್ಟಕ್ಕೆ ಮೆಟ್ಟಿಲು ಮೆಟ್ಟಿಲಾಗಿ. ಆ ದಿನದ್ದು ಆರನೆಯ ಮೆಟ್ಟಿಲು: ಎಲ್ಲರೂ ಮುಟ್ಟುವ ಕಂಬಿಯನ್ನು ಹಿಡಿಯುವುದು, ಅರ್ಧ ಗಂಟೆ ಕೈ ತೊಳೆಯದೆ ಇರುವುದು. ತಳಮಳ ಎಷ್ಟಿದೆ ಎಂದು ಹತ್ತಕ್ಕೆ ಎಷ್ಟು ಅಂತ ಅವನೇ ಹೇಳಬೇಕು. ಕೈಗಡಿಯಾರ ನನ್ನದು. ಹಿಡಿದ ತಕ್ಷಣ ‘ಎಂಟು’ ಎಂದ. ಐದು ನಿಮಿಷಕ್ಕೆ ‘ಎಂಟೂವರೆ’. ಮುಖದಲ್ಲಿ ಬೆವರು. ಎದುರಿಗೇ ಬಸವನ ಬಾಯಿಂದ ನೀರು ಧೋ ಎಂದು ಬೀಳುತ್ತಿದೆ, ನಾಲ್ಕು ಹೆಜ್ಜೆ ಇಟ್ಟರೆ ಸಾಕು! ತಾಯಿಯ ಕಣ್ಣಲ್ಲಿ ನೀರು. ಹದಿನೈದು ನಿಮಿಷಕ್ಕೆ ‘ಆರು’. ಅಷ್ಟರಲ್ಲಿ ಕೋತಿಯೊಂದು ಪಕ್ಕದವರ ಬಾಳೆಹಣ್ಣು ಕಿತ್ತುಕೊಂಡು ಓಡಿತು; ಹುಡುಗ ನಕ್ಕುಬಿಟ್ಟ. ಅರ್ಧ ಗಂಟೆಗೆ ‘ಮೂರು’. ಬರೆದುಕೊಂಡೆ. ಅಂಥ ಹತ್ತಾರು ದಿನದ ಲೆಕ್ಕವನ್ನು ಗ್ರಾಫ್ ಹಾಳೆಯಲ್ಲಿ ಹಾಕಿದರೆ, ಶುರುವಿನ ಸಂಖ್ಯೆಯೂ ತಗ್ಗುತ್ತಿದೆ, ಇಳಿಯಲು ಹಿಡಿಯುವ ಸಮಯವೂ ತಗ್ಗುತ್ತಿದೆ ಎಂಬುದು ಯಾರಿಗಾದರೂ ಕಾಣುತ್ತದೆ.

ಹನ್ನೆರಡನೆಯ ವಾರದಲ್ಲಿ ಈ ಹುಡುಗನ ಅಂಕ 28ರಿಂದ 18ಕ್ಕೆ ಇಳಿದಿತ್ತು. ತಂದೆಗೆ ನಿರಾಶೆ. ‘ಇನ್ನೂ ಹದಿನೆಂಟಿದೆಯಲ್ಲ ಸಾರ್, ಇನ್ನೂ ತೊಳೀತಾನಲ್ಲ’ ಎಂದರು. ಕಾಗದ ತೆಗೆದು ಲೆಕ್ಕ ಮಾಡಿ ತೋರಿಸಿದೆ. 28ರಲ್ಲಿ ಹತ್ತು ಇಳಿದರೆ ಶೇಕಡ 36ಕ್ಕೆ ಸ್ವಲ್ಪ ಕಡಿಮೆ. 2016ರಲ್ಲಿ ಹಲವು ದೇಶಗಳ ತಜ್ಞರು ಒಮ್ಮತಕ್ಕೆ ಬಂದು ಪ್ರಕಟಿಸಿದ ಮಾನದಂಡದ ಪ್ರಕಾರ, ಶೇಕಡ 35ರಷ್ಟಾದರೂ ಅಂಕ ಇಳಿದು, ಒಟ್ಟಾರೆ ಸ್ಥಿತಿಯೂ ಸ್ಪಷ್ಟವಾಗಿ ಸುಧಾರಿಸಿದ್ದರೆ ಚಿಕಿತ್ಸೆ ಫಲ ಕೊಟ್ಟಿದೆ ಎಂದು ಹೇಳಬಹುದು. ಅಂಕ 12 ಅಥವಾ ಅದಕ್ಕೂ ಕೆಳಗೆ ಬಂದು ಒಂದು ವಾರವಾದರೂ ನಿಂತರೆ ರೋಗ ಶಮನ. ಹಾಗೆಯೇ ಒಂದು ವರ್ಷ ನಿಂತರೆ ಚೇತರಿಕೆ. ಮೂರಕ್ಕೂ ಬೇರೆ ಬೇರೆ ಹೆಸರು, ಬೇರೆ ಬೇರೆ ಗಡುವು. ಮೊದಲನೆಯ ಘಟ್ಟ ದಾಟಿದವನನ್ನು ಮೂರನೆಯದರ ಅಳತೆಗೋಲಿನಲ್ಲಿ ಅಳೆದು ಫೇಲು ಮಾಡುವುದು ಯಾವ ನ್ಯಾಯ?

ಕೋಲಾರದಿಂದ ಶ್ರೀನಿವಾಸಪುರಕ್ಕೆ ಬಸ್ಸಿನಲ್ಲಿ ಒಂದು ಗಂಟೆಯೊಳಗಿನ ದಾರಿ. ಮೇ ತಿಂಗಳಲ್ಲಿ ಆ ದಾರಿಯ ಎರಡೂ ಬದಿಗೆ ಮಾವಿನ ತೋಪು, ಕೊಂಬೆ ನೆಲಕ್ಕೆ ತಾಗುವಷ್ಟು ಕಾಯಿ. ಬಾದಾಮಿ, ರಸಪುರಿ, ಮಲ್ಲಿಕಾ, ನೀಲಂ, ಎಲ್ಲಕ್ಕಿಂತ ಹೆಚ್ಚಾಗಿ ತೋತಾಪುರಿ. ಊರು ಹತ್ತಿರ ಬರುವ ಮುಂಚೆಯೇ ಮಂಡಿಗಳ ವಾಸನೆ ಬಸ್ಸಿನೊಳಕ್ಕೆ ಬರುತ್ತದೆ. ನಾನು ಕಾಣಬೇಕಿದ್ದ ತಂದೆ ಮಂಡಿಯಲ್ಲೇ ಸಿಕ್ಕರು. ಕಾಯಿ ರಾಶಿಯ ಮುಂದೆ ನಿಂತು ಮಾತಾಡುತ್ತಲೇ ತಮ್ಮ ಫೋನು ತೆಗೆದು ತೋರಿಸಿದರು.

ಇವರ ಮಗಳಿಗೆ ಹತ್ತು ವರ್ಷ. ಅಪ್ಪ ತೋಪಿಗೆ ಹೊಡೆಯುವ ಕೀಟನಾಶಕ ಹೇಗೋ ಮನೆಯವರ ಹೊಟ್ಟೆಗೆ ಹೋಗಿ ಎಲ್ಲರೂ ಸತ್ತುಹೋಗುತ್ತಾರೆ ಎಂಬ ಭಯ. ಕೈ ತೊಳೆಯುವುದಿಲ್ಲ ಈ ಮಗು, ಕೇಳುತ್ತದೆ. ‘ಕೈ ತೊಳೆದ್ರಾ? ಡಬ್ಬ ಮುಚ್ಚಿದ್ರಾ? ನಿಜ ಹೇಳಿ, ಏನೂ ಆಗಲ್ವಾ?’ ಅಪ್ಪ ಮಂಡಿಗೆ ಹೋದರೆ ಅಮ್ಮನ ಫೋನಿನಿಂದ ಕೇಳುತ್ತದೆ. ‘ಏನ್ ಸಾರ್ ಮಾಡೋದು, ಇಲ್ಲಿ ಹರಾಜು ನಡೀತಿರುತ್ತೆ, ಅಲ್ಲಿಂದ ಫೋನು ಬಡ್ಕೊಳ್ತಾನೇ ಇರುತ್ತೆ. ಎತ್ತಿ ಏನೂ ಆಗಲ್ಲಮ್ಮ ಅಂದ್ರೆ ಸುಮ್ಮನಾಗ್ತಾಳೆ. ಎತ್ತದೇ ಇದ್ರೆ ಅಲ್ಲಿ ಅತ್ತು ರಂಪ.’ ಹೀಗಾಗಿ ಎರಡು ವರ್ಷ ಎತ್ತಿದರು. ದಿನಕ್ಕೆ ಮೂವತ್ತು ನಲವತ್ತು ಸಲ.

ಕೀಟನಾಶಕ ನಿಜವಾಗಿಯೂ ಅಪಾಯದ ವಸ್ತುವೇ. ಹೊಡೆದವರು ಸೋಪು ಹಚ್ಚಿ ಮೈಕೈ ತೊಳೆಯಬೇಕು, ಬಟ್ಟೆ ಬದಲಿಸಬೇಕು, ಡಬ್ಬವನ್ನು ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿ ಇಡಬೇಕು. ಚಿಕಿತ್ಸೆ ಇದನ್ನು ಬಿಡಿ ಎನ್ನುವುದಿಲ್ಲ. ಒಮ್ಮೆ ಸರಿಯಾಗಿ ಮಾಡಿದ ಮೇಲೆ ನಲವತ್ತು ಸಲ ಕೇಳಿ ಖಚಿತ ಮಾಡಿಕೊಳ್ಳುವುದನ್ನು ಬಿಡು ಎನ್ನುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಮಗುವಿನ ಮೇಲಿನ ಮಮತೆಯಿಂದ ಮನೆಯವರೆಲ್ಲ ಗೀಳಿನ ಆಳುಗಳಾಗಿಬಿಡುತ್ತಾರೆ. ಕೇಳಿದಾಗಲೆಲ್ಲ ಉತ್ತರ ಹೇಳುವುದು, ಮಗುವಿನ ಪರವಾಗಿ ನಲ್ಲಿ ತಿರುಗಿಸುವುದು, ಬಾಗಿಲು ತೆಗೆಯುವುದು, ನೆಂಟರನ್ನು ಮನೆಗೆ ಕರೆಯದೆ ಇರುವುದು. ಇದರಿಂದ ಮಗು ಆ ಕ್ಷಣಕ್ಕೆ ಸುಮ್ಮನಾಗುತ್ತದೆ, ಕಾಯಿಲೆ ಬೇರು ಬಿಡುತ್ತದೆ. ಮನೆಯವರು ಹೀಗೆ ಎಷ್ಟು ಬಗ್ಗಿದ್ದಾರೆ ಎಂದು ಅಳೆಯುವುದಕ್ಕೇ 1995ರಲ್ಲಿ ಬೇರೊಂದು ಅಳತೆಪಟ್ಟಿ ಪ್ರಕಟವಾಯಿತು. ಅಂದರೆ ಮಗುವಿನ ಪ್ರಗತಿ ಅಳೆಯುವಾಗ ಅಪ್ಪ ಅಮ್ಮನಿಗೂ ಪರೀಕ್ಷೆ!

ಈ ಮನೆಗೆ ಚಿಕಿತ್ಸಕರು ಹೇಳಿಕೊಟ್ಟ ಕ್ರಮ ಹೀಗಿತ್ತು. ಮಗಳನ್ನು ಕೂರಿಸಿಕೊಂಡು, ಅವಳನ್ನು ಒಪ್ಪಿಸಿ, ಒಂದು ಕರಾರು. ಉತ್ತರ ದಿನಕ್ಕೆ ಎರಡೇ ಸಲ, ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ. ಮಿಕ್ಕ ಸಮಯ ಕೇಳಿದರೆ ಬೈಯುವಂತಿಲ್ಲ, ಉತ್ತರಿಸುವಂತೆಯೂ ಇಲ್ಲ. ‘ಇದು ಗೀಳು ಕೇಳೋ ಪ್ರಶ್ನೆ ಕಣಮ್ಮ’ ಎಂದಷ್ಟೇ ಹೇಳಬೇಕು. ಮೊದಲ ವಾರ ಏನಾಯಿತು ಗೊತ್ತೇ? ಕರೆಗಳು ಐವತ್ತು ದಾಟಿದವು. ಮಗು ಊಟ ಬಿಟ್ಟು ಅತ್ತಿತು. ಅಜ್ಜಿ ಸಿಟ್ಟಾದರು: ‘ಇದೇನು ವೈದ್ಯವೋ, ಇದ್ದದ್ದೂ ಹೋಯ್ತು.’ ಮಾತ್ರೆ, ಬೆಂಗಳೂರು ಎಲ್ಲ ಬಿಟ್ಟುಬಿಡುವ ತೀರ್ಮಾನವೇ ಆಗಿತ್ತಂತೆ. ಎಷ್ಟೋ ಮನೆಗಳು ಸೋಲುವುದು ಈ ಘಟ್ಟದಲ್ಲಿ. ಅಳತೆಯ ದೃಷ್ಟಿಯಿಂದ ಇದನ್ನು ತಿಳಿದಿರಬೇಕು: ರೂಢಿಯ ಸಮಾಧಾನ ನಿಂತಾಗ ಬೇಡಿಕೆ ಮೊದಲು ಏರಿ ಆಮೇಲೆ ಇಳಿಯುತ್ತದೆ. ಏರಿದ ದಿನ ಅಳೆದು ತೀರ್ಪು ಕೊಟ್ಟರೆ ಒಳ್ಳೆಯ ಚಿಕಿತ್ಸೆಯೂ ಕೆಟ್ಟದ್ದಾಗಿ ಕಾಣುತ್ತದೆ. ಇವರನ್ನು ಉಳಿಸಿದ್ದು ಆ ಫೋನೇ. ಅದರೊಳಗೆ ಕರೆಗಳ ಲೆಕ್ಕ ತಾನಾಗಿಯೇ ಉಳಿದಿರುತ್ತದಲ್ಲ, ಹತ್ತನೆಯ ದಿನಕ್ಕೆ ತಂದೆ ಎಣಿಸಿ ನೋಡಿದರು: 31. ಇಪ್ಪತ್ತನೆಯ ದಿನ 19. ನಾನು ಮಂಡಿಯಲ್ಲಿ ಎರಡು ಗಂಟೆ ಕೂತಿದ್ದೆ, ಫೋನು ಒಂದೇ ಸಲ ಬಂತು. ಸಂಜೆ ಬರುವಾಗ ಮೈದಾ ಹಿಟ್ಟು ತರಬೇಕಂತೆ.

ಈ ಮನೆಯ ಮಾತು ತೆಲುಗು. ಮಗು ಶಾಲೆಯ ಕನ್ನಡದಲ್ಲಿ ‘ಭಯ’ ಎಂದಷ್ಟೇ ಹೇಳಬಲ್ಲದು. ತೆಲುಗಿನಲ್ಲಾದರೆ ಎದೆಯಲ್ಲಿ ಏನಾಗುತ್ತದೆ, ಎಷ್ಟು ಹೊತ್ತು ಇರುತ್ತದೆ, ಎಲ್ಲವನ್ನೂ ಬಿಡಿಸಿ ಹೇಳುತ್ತದೆ. ಅಂಕ ಹಾಕುವವರು ಮನೆಯ ಮಾತಿನಲ್ಲಿ ಕೇಳಿದರೆ ಒಂದು ಚಿತ್ರ, ಬೇರೆ ಭಾಷೆಯಲ್ಲಿ ಕೇಳಿದರೆ ಇನ್ನೊಂದು. ನಮ್ಮ ಗಡಿ ತಾಲ್ಲೂಕುಗಳ ಪೋಷಕರು ಸಂಕೋಚಪಡದೆ ‘ಮಗು ತೆಲುಗಿನಲ್ಲಿ ಮಾತಾಡುತ್ತೆ’ ಎಂದು ಮೊದಲೇ ಹೇಳಿಬಿಡಬೇಕು.

ಅಲ್ಲಿಂದ ಮುಳಬಾಗಿಲು. ಮೂಡಲ ಬಾಗಿಲು ಎಂಬುದೇ ಹೀಗಾಯಿತೆಂದು ಹೇಳುತ್ತಾರೆ. ಡಿ.ವಿ. ಗುಂಡಪ್ಪನವರು 1887ರಲ್ಲಿ ಹುಟ್ಟಿದ ಊರು. ಆಂಜನೇಯನ ಗುಡಿ, ಊರಾಚೆ ಶ್ರೀಪಾದರಾಜರ ಸನ್ನಿಧಿ, ಇನ್ನಷ್ಟು ದೂರದಲ್ಲಿ ಕುರುಡುಮಲೆಯ ಏಕಶಿಲಾ ಗಣಪತಿ. ದೋಸೆಯ ವಿಷಯ ನಾನು ಹೇಳಬೇಕಾಗಿಲ್ಲ. ಎರಡು ತಿಂದೆ ಎಂದಷ್ಟೇ ಒಪ್ಪಿಸುತ್ತೇನೆ.

ಇಷ್ಟು ದೇವರುಗಳ ನಡುವೆ ಬೆಳೆದ ಹದಿನಾಲ್ಕರ ಹುಡುಗಿ. ಅವಳು ಗುಡಿಯಲ್ಲಿ ಪ್ರದಕ್ಷಿಣೆ ಹಾಕುತ್ತಲೇ ಇರುವುದನ್ನು ಕಂಡು ತಾಯಿ ಹಿಗ್ಗಿದ್ದರು. ಭಕ್ತಿ ಹೆಚ್ಚಿತು ಎಂದುಕೊಂಡರು. ನಿಜಸಂಗತಿ ಏನೆಂದರೆ, ಮೂರ್ತಿಯ ಮುಂದೆ ನಿಂತಾಗ ಆಕೆಯ ಮನಸ್ಸಿಗೆ ಅಶ್ಲೀಲ ಬೈಗುಳಗಳು ನುಗ್ಗುತ್ತಿದ್ದವು. ಅದನ್ನು ‘ಅಳಿಸಲು’ ಒಂದು ಸುತ್ತು. ಸುತ್ತುವಾಗ ಮತ್ತೆ ಬಂದರೆ ಇನ್ನೊಂದು. ತಾನು ಮಹಾಪಾಪಿ ಎಂದು ಯಾರಿಗೂ ಹೇಳಲಿಲ್ಲ. ಇಂಥ ಆಲೋಚನೆ ಕಾಯಿಲೆಯದ್ದೇ ಹೊರತು ಮಗುವಿನ ಮನದಿಂಗಿತವಲ್ಲ. ಭಕ್ತಿ ಇರುವವರನ್ನೇ ಇದು ದೇವರ ವಿಷಯದಲ್ಲಿ ಕಾಡುತ್ತದೆ, ತಾಯಿಯನ್ನು ಪ್ರೀತಿಸುವವರನ್ನೇ ತಾಯಿಯ ವಿಷಯದಲ್ಲಿ ಕಾಡುತ್ತದೆ. ಈ ಮಾತನ್ನು ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಯಾರಿಗಾದರೂ ಇಂಥದ್ದು ಇದ್ದರೆ, ನೀವು ಕೆಟ್ಟವರಲ್ಲ. ನಂಬುವ ಒಬ್ಬ ಹಿರಿಯರ ಹತ್ತಿರ ಹೇಳಿ.

ಚಿಕಿತ್ಸೆ ಶುರುವಾದ ಎರಡು ತಿಂಗಳಿಗೆ ಪ್ರದಕ್ಷಿಣೆ ನಿಂತಿತು. ‘ಹೋಯ್ತು’ ಎಂದಳು ಹುಡುಗಿ. ತಾಯಿಯೂ ಹೌದೆಂದರು. ಆದರೆ ಡಾಕ್ಟರು ಇಬ್ಬರನ್ನೂ ಜೊತೆಗೆ ಕೇಳಿ ಬಿಡಲಿಲ್ಲ. ತಾಯಿಯನ್ನು ಆಚೆ ಕಳಿಸಿ ಮಗಳನ್ನೊಬ್ಬಳನ್ನೇ ಕೇಳಿದರು. ಆಗ ಹೊರಬಂತು: ಸುತ್ತುವುದನ್ನು ಬಿಟ್ಟು ಈಗ ಮನಸ್ಸಿನಲ್ಲೇ ಒಂದು ಶ್ಲೋಕವನ್ನು ಇಪ್ಪತ್ತೊಂದು ಸಲ ಹೇಳಿಕೊಳ್ಳುತ್ತಾಳೆ, ಮಧ್ಯೆ ತಪ್ಪಿದರೆ ಮೊದಲಿನಿಂದ. ಪಾಠದ ವೇಳೆಯಲ್ಲೂ. ಹೊರಗೆ ಏನೇನೂ ಕಾಣದು.

ಕಾಣದ್ದನ್ನು ಅಳೆಯುವುದು ಈ ಜಿಲ್ಲೆಗೆ ಹೊಸದಲ್ಲ. 1965ರಲ್ಲಿ ಕೆ.ಜಿ.ಎಫ್.ನ ಚಾಂಪಿಯನ್ ರೀಫ್ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳ ಸುಳಿವನ್ನು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನ್ ಮತ್ತು ಇಂಗ್ಲೆಂಡಿನವರ ಜೊತೆಗೂಡಿ ಹಿಡಿದರು. ಅಷ್ಟು ಆಳಕ್ಕೆ ಇಳಿದದ್ದೇಕೆ? ಮೇಲಿನ ಬೇರೆ ಕಣಗಳ ಗದ್ದಲವನ್ನು ಬಂಡೆ ತಡೆಯಲಿ ಎಂದು. ಗಣಿ 2001ರಲ್ಲಿ ಮುಚ್ಚಿತು. ಮಗುವಿನ ಮನಸ್ಸಿನ ವಿಷಯದಲ್ಲೂ ಗದ್ದಲ ಎಂದರೆ ನಾವೇ: ಎದುರಿಗೆ ಕೂತ ಅಪ್ಪ, ಅಳುವ ಅಮ್ಮ, ಪರೀಕ್ಷೆಯ ವಾರ, ಹಬ್ಬದ ನೆಂಟರು. ಸ್ವಲ್ಪ ಹೊತ್ತು ಮಗುವನ್ನು ಡಾಕ್ಟರ ಜೊತೆ ಒಂಟಿಯಾಗಿ ಬಿಟ್ಟು ಆಚೆ ಬೆಂಚಿನ ಮೇಲೆ ಕೂರುವುದು ಎಷ್ಟೋ ತಾಯಂದಿರಿಗೆ ಕಷ್ಟವೆನಿಸುತ್ತದೆ. ಕೂರಬೇಕು.

ಈ ಹುಡುಗಿಯ ಮಾತ್ರೆಯ ಕಥೆಯನ್ನೂ ಹೇಳಬೇಕು. ಗೀಳಿಗೆ ಕೊಡುವ ಫ್ಲುಯೊಕ್ಸೆಟಿನ್, ಸರ್ಟ್ರಲಿನ್‌ನಂಥ ಮಾತ್ರೆಗಳು ತಲೆನೋವಿನ ಮಾತ್ರೆಯಂತೆ ಅರ್ಧ ಗಂಟೆಯಲ್ಲಿ ಕೆಲಸ ಮಾಡುವುದಿಲ್ಲ. ಪೂರ್ತಿ ಫಲ ಕಾಣಲು ಸರಿಯಾದ ಪ್ರಮಾಣದಲ್ಲಿ ಹತ್ತು ಹನ್ನೆರಡು ವಾರವೇ ಬೇಕಾಗಬಹುದು. ಮೂರನೆಯ ವಾರ ‘ಏನೂ ವ್ಯತ್ಯಾಸ ಇಲ್ಲ’ ಎಂದು ನಿಲ್ಲಿಸುವುದು, ಗೊಬ್ಬರ ಹಾಕಿದ ಮೂರನೆಯ ದಿನ ಮರವನ್ನು ಅಲುಗಿಸಿ ನೋಡಿದಂತೆ. ಶುರುವಿನ ದಿನಗಳಲ್ಲಿ ಮಗು ವಿಪರೀತ ಚಡಪಡಿಸಿದರೆ ಅಥವಾ ಸಾಯುವ ಮಾತಾಡಿದರೆ ಮಾತ್ರ ತಡಮಾಡದೆ ವೈದ್ಯರಿಗೆ ತಿಳಿಸಬೇಕು. ಇವರ ಮನೆಯಲ್ಲಿ ಆದದ್ದು ಇನ್ನೊಂದು ಬಗೆ. ಐದನೆಯ ತಿಂಗಳಿಗೆ ಹುಡುಗಿ ನಗುತ್ತಾ ಶಾಲೆಗೆ ಹೋಗತೊಡಗಿದಳು. ಯಾರೋ ‘ಮಿದುಳಿನ ಮಾತ್ರೆ, ಹೆಣ್ಣುಮಗು, ಮುಂದೆ ತೊಂದರೆ’ ಎಂದರು. ಡಾಕ್ಟರನ್ನು ಕೇಳದೆ ನಿಲ್ಲಿಸಿದರು. ಅರ್ಧವಾರ್ಷಿಕ ಪರೀಕ್ಷೆಯ ಹೊತ್ತಿಗೆ ಶ್ಲೋಕ ವಾಪಸು ಬಂತು. ಮತ್ತೆ ಮೊದಲಿನಿಂದ ಶುರು. ಈಗ ಕ್ಯಾಲೆಂಡರಿನಲ್ಲಿ ವಾರಕ್ಕೊಮ್ಮೆ ಹುಡುಗಿಯೇ ಒಂದು ಅಂಕೆ ಬರೆಯುತ್ತಾಳೆ, ದಿನಕ್ಕೆ ಸುಮಾರು ಎಷ್ಟು ನಿಮಿಷ ಅಂತ. ಭಾನುವಾರ, ತಲೆಗೆ ಸ್ನಾನ ಮಾಡಿದ ಮೇಲೆ. ಪ್ರತಿಸಲವೂ ಅದೇ ದಿನ, ಅದೇ ಹೊತ್ತು. ಪ್ರಯೋಗಶಾಲೆಯಲ್ಲಿ ನಾನು ಗೋಗರೆದರೂ ಮಕ್ಕಳು ಪಾಲಿಸದ ನಿಯಮ ಅದು!

ಮಾತ್ರೆಯೋ, ಮಾತಿನ ಚಿಕಿತ್ಸೆಯೋ ಎಂಬ ವಾದಕ್ಕೆ 2004ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದ ಅಂಕಿಗಳು ಸಾಕು. 7ರಿಂದ 17 ವರ್ಷದ 112 ಮಕ್ಕಳು, 12 ವಾರ, ಇದೇ ಅಳತೆಪಟ್ಟಿ. ಅಂಕ ಹತ್ತಕ್ಕೋ ಅದಕ್ಕೂ ಕೆಳಗೋ ಇಳಿದ ಮಕ್ಕಳು, ಎರಡೂ ಚಿಕಿತ್ಸೆ ಸಿಕ್ಕವರಲ್ಲಿ ಶೇಕಡ 54ರಷ್ಟು; ಮಾತಿನ ಚಿಕಿತ್ಸೆ ಮಾತ್ರ ಸಿಕ್ಕವರಲ್ಲಿ 39; ಮಾತ್ರೆ ಮಾತ್ರ ಸಿಕ್ಕವರಲ್ಲಿ 21; ಹುಸಿ ಮಾತ್ರೆಯವರಲ್ಲಿ 4ಕ್ಕೂ ಕಡಿಮೆ. ನಮ್ಮ ನಿಮ್ಹಾನ್ಸ್‌ನವರು ತಾವು ಕಂಡ ಮಕ್ಕಳನ್ನು ವರ್ಷಗಳ ನಂತರ ಹುಡುಕಿ ನೋಡಿ 2003ರಲ್ಲಿ ಪ್ರಕಟಿಸಿದ ವರದಿಯೂ ಧೈರ್ಯ ಕೊಡುತ್ತದೆ: ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಆ ಹೊತ್ತಿಗೆ ಕಾಯಿಲೆಯೂ ಇಲ್ಲದೆ, ಚಿಕಿತ್ಸೆಯ ಹಂಗೂ ಇಲ್ಲದೆ ಇದ್ದರು.

ಪ್ರತಿಸಲ ಬೆಂಗಳೂರಿಗೇ ಓಡಬೇಕೇ ಎಂದು ಕೇಳುವವರಿಗೆ: ನಿಮ್ಹಾನ್ಸ್‌ನಲ್ಲಿ ಗೀಳಿಗೆಂದೇ ಪ್ರತ್ಯೇಕ ಕ್ಲಿನಿಕ್ ಇದೆ, ನಿಜ. ಆದರೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವೂ ಉಂಟು, ಕೋಲಾರದ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಬಹುದು. ಟಮಕದ ವೈದ್ಯಕೀಯ ಕಾಲೇಜಿನಲ್ಲೂ ಮನೋವೈದ್ಯ ವಿಭಾಗವಿದೆ. ದಾರಿ ತೋಚದಿದ್ದರೆ 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಇದೆ. 14416ಕ್ಕೆ ಫೋನು ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ.

ಕೊನೆಗೆ ಮಾಲೂರು. ಹೆಂಚು, ಇಟ್ಟಿಗೆಗೆ ಹೆಸರಾದ ಊರು, ಮಾಸ್ತಿಯವರ ತಾಲ್ಲೂಕು. ಬೆಂಗಳೂರಿನ ರೈಲು ಇಲ್ಲಿ ನಿಲ್ಲುವುದರಿಂದ ನಾಲ್ವರಲ್ಲಿ ಈ ಮನೆಯವರಿಗೇ ಆಸ್ಪತ್ರೆಯ ದಾರಿ ಸುಲಭ. ಇವರ ಮಗ ಈ ಸಲ ಎಸ್ಸೆಸ್ಸೆಲ್ಸಿ ಬರೆದ. ಅಕ್ಷರ ದುಂಡಗೆ ಬರಲಿಲ್ಲವೆಂದು ಅಳಿಸಿ, ಮತ್ತೆ ಬರೆದು, ಹಾಳೆ ಹರಿದು, ಹೊಸ ಹಾಳೆ ತೆಗೆಯುವುದು ಇವನ ಗೀಳು. ಒಂಬತ್ತನೆಯ ತರಗತಿಯಲ್ಲಿ ಒಂದು ಪುಟ ನಕಲು ಮಾಡಲು ಎರಡು ಗಂಟೆ ಹಿಡಿಯುತ್ತಿತ್ತು. ಕಾಯಿಲೆ ಎಂದು ತಿಳಿಯದ ಕಾಲದಲ್ಲಿ ಶಾಲೆಯವರು ‘ಒಳ್ಳೆಯ ಅಕ್ಷರ, ಸೋಮಾರಿ ಹುಡುಗ’ ಎಂದು ವರದಿ ಕೊಟ್ಟಿದ್ದರು. ಆಮೇಲೆ ಮೇಷ್ಟ್ರೊಬ್ಬರು ಚಿಕಿತ್ಸಕರ ಸೂಚನೆಯಂತೆ ವಾರಕ್ಕೊಮ್ಮೆ ಹತ್ತು ಸಾಲು ಹೇಳಿ ಬರೆಸಿ, ಹಿಡಿದ ನಿಮಿಷಗಳನ್ನು ಗುರುತು ಹಾಕಿ ಕಳಿಸುತ್ತಿದ್ದರು. ರಬ್ಬರು ತರುವಂತಿಲ್ಲ, ತಪ್ಪಾದರೆ ಗೀಟು ಎಳೆದು ಮುಂದೆ ಹೋಗಬೇಕು. ಶಾಲೆ ಕೊಡಬಹುದಾದ ಅಳತೆ ಇದಕ್ಕಿಂತ ಹೆಚ್ಚೇನಿದೆ! ಮನೆಯಲ್ಲಿ ಕಾಣದ್ದು ಶಾಲೆಯಲ್ಲಿ ಕಾಣುತ್ತದೆ, ಶಾಲೆಯಲ್ಲಿ ಅದುಮಿಟ್ಟದ್ದು ಮನೆಯಲ್ಲಿ ಹೊರಬೀಳುತ್ತದೆ. ಎರಡೂ ಚೀಟಿ ಡಾಕ್ಟರ ಮೇಜಿನ ಮೇಲೆ ಇರಬೇಕು.

ನಾನು ಹೋದ ದಿನ ತಂದೆ ಸ್ವಲ್ಪ ಬೇಸರದಲ್ಲಿದ್ದರು. ವಿಜ್ಞಾನದಲ್ಲಿ ನಿರೀಕ್ಷೆಗಿಂತ ಅಂಕ ಕಡಿಮೆ ಬಂತೆಂದು ಶುಲ್ಕ ಕಟ್ಟಿ ಉತ್ತರ ಪತ್ರಿಕೆಯ ನಕಲು ತರಿಸಿದ್ದರು. ‘ನೀವೇ ನೋಡಿ ಮೇಷ್ಟ್ರೇ, ಎಲ್ಲಿ ಕಟ್ ಮಾಡಿದ್ದಾರೆ ಅಂತ’ ಎಂದು ನನ್ನ ಕೈಗಿಟ್ಟರು. ನೋಡಿದೆ. ಅಂಕ ಹಾಕಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಕಡೆಯ ಪ್ರಶ್ನೆಯವರೆಗೂ ಬರೆದಿದ್ದ. ಎರಡನೆಯ ಪುಟದಲ್ಲಿ ‘ದ್ಯುತಿಸಂಶ್ಲೇಷಣೆ’ಯ ವತ್ತು ತಪ್ಪಾಗಿ, ಪದದ ಮೇಲೆ ಒಂದು ಅಡ್ಡಗೀಟು ಎಳೆದು, ಪಕ್ಕದಲ್ಲೇ ಸರಿಯಾಗಿ ಬರೆದು ಮುಂದೆ ಹೋಗಿದ್ದ. ಹಾಗೆ ಎಷ್ಟು ಇವೆ ಎಂದು ನಾವಿಬ್ಬರೂ ಪುಟ ತಿರುವಿ ಎಣಿಸಿದೆವು. ಹನ್ನೊಂದು ಇದ್ದವು. ಹುಡುಗ ಒಳಗಿನಿಂದ ಬಂದು, ‘ಹನ್ನೆರಡು ಸಾರ್, ಚಿತ್ರದ ಕೆಳಗೆ ಒಂದಿದೆ’ ಎಂದ.